ಗಾಜಿನ ಪೆಟ್ಟಿಗೆಗೆ ಉತ್ತರೆ ಮಳೆ

ಬಿಳಿ ಪಟ್ಟಿ ಬೆರಳಗಲ ಇದೆ. ಮೀನಿನ ತೊಟ್ಟಿಯ ನೀರು ಗಾಜಿಗೆ ತಾಗುವ ಅಂಚಿನುದ್ದಕ್ಕೂ ಕಟ್ಟಿಕೊಂಡಿದೆ. ನೀರು ಆವಿಯಾಗಿ ಹೋಗಿದೆ, ಒಳಗಿದ್ದ ಸುಣ್ಣವನ್ನು ಮಾತ್ರ ಇಲ್ಲೇ ಬಿಟ್ಟಿದೆ. ಅಂಗಡಿಯ ಹುಡುಗ ಹಳೆಯ ಬ್ಲೇಡೊಂದನ್ನು ಓರೆಯಾಗಿ ಹಿಡಿದು ಅದನ್ನು ಕೆರೆಯುತ್ತಿದ್ದಾನೆ. ಕರ್ರ್ ಕರ್ರ್ ಸದ್ದಿಗೆ ಕಪ್ಪು ಮಾಲಿ ಮೀನುಗಳು ಒಂದು ಮೂಲೆಗೆ ಗುಂಪುಗೂಡಿವೆ. ಅರ್ಧ ನಿಂಬೆಹಣ್ಣು ತಿಕ್ಕುತ್ತಾನೆ, ಸ್ವಲ್ಪ ಹೊತ್ತು ಬಿಡುತ್ತಾನೆ, ಮತ್ತೆ ಕೆರೆಯುತ್ತಾನೆ. ಪಟ್ಟಿ ಹೋಗುತ್ತದೆ, ಗಾಜಿನ ಮಬ್ಬು ಹೋಗುವುದಿಲ್ಲ.

‘ಬೋರ್ ನೀರು ಸಾರ್ ಇದು. ಎಷ್ಟ್ ಕೆರೆದ್ರೂ ಹದಿನೈದು ದಿನಕ್ಕೆ ಮತ್ತೆ ಹಿಂಗೇ.’

ಅಂಗಡಿ ಇರುವುದು ಮಧುಗಿರಿಯಲ್ಲಿ. ಇಲ್ಲಿ ಯಾವ ಬಾಗಿಲಿನಿಂದ ಹೊರಗೆ ಬಂದರೂ ಎದುರಿಗೆ ಬೆಟ್ಟ. ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ ಎದ್ದು ನಿಂತ ಒಂದೇ ಬಂಡೆ, ಅದರ ಮೈಗೆ ಅಂಟಿಕೊಂಡ ಕೋಟೆ. ಮಳೆಗಾಲದಲ್ಲಿ ಒಂದು ಜಡಿ ಹೊಡೆದರೆ ಬಂಡೆಯ ಮೇಲೆಲ್ಲ ಬೆಳ್ಳಿ ಗೆರೆಗಳು ಇಳಿಯುತ್ತವೆ. ಕೋಟೆ ಕಟ್ಟಿದವರಿಗೆ ಅಲ್ಲಿ ಬಾವಿ ತೋಡುವ ಯೋಚನೆಯೇ ಬಂದಿರಲಾರದು. ಬಂಡೆಯ ತಗ್ಗುಗಳಲ್ಲಿ ದೊಣೆ ಮಾಡಿ ಮಳೆನೀರು ಹಿಡಿದರು. ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ, ಈ ಸೀಮೆಯ ದುರ್ಗಗಳೆಲ್ಲ ಬದುಕಿದ್ದು ದೊಣೆಯ ನೀರಿನಿಂದಲೇ. ಕೆಳಗಿನ ಪೇಟೆಯವರು ಮಾತ್ರ ಬಂಡೆಯನ್ನು ಕೊರೆದು ಆಳಕ್ಕೆ ಹೋದರು. ಸಾವಿರ ಅಡಿ ಎಂದರೂ ಈಗ ಯಾರೂ ಹುಬ್ಬೇರಿಸುವುದಿಲ್ಲ.

ಆ ಆಳದಲ್ಲಿ ಇರುವುದೂ ಇದೇ ಬಂಡೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಹಾದುಹೋಗುವ ಗ್ರಾನೈಟಿನ ಉದ್ದನೆಯ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಿಂದ ಸುಣ್ಣ, ಉಪ್ಪು, ಜೊತೆಗೆ ಫ್ಲೋರೈಡನ್ನೂ ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎಂದು ನಮ್ಮ ಮಾನಕ ಹೇಳುತ್ತದೆ. ಪಾವಗಡದ ಕಡೆ ಆ ಗೆರೆ ದಾಟಿದ ಬೋರುಗಳು ಊರೂರಿಗೂ ಇವೆ. ಸಾಮಾನ್ಯವಾಗಿ ಸುಣ್ಣ ಕಡಿಮೆ ಇದ್ದು ಸೋಡಾದ ಗುಣ ಹೆಚ್ಚಿರುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ. ಸುಣ್ಣ ಇದ್ದ ಕಡೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸಿಬಿಡುತ್ತದೆ. ಹಾಗಾಗಿ ಬಾಯಿಗೆ ಒಗರು ಎನಿಸದ, ಸೋಪು ಚೆನ್ನಾಗಿ ನೊರೆ ಬರುವ ಬೋರಿನ ಮೇಲೆ ಜನ ಇಡುವ ನಂಬಿಕೆ ಎಷ್ಟೋ ಸಲ ಹುಸಿ.

ಮನುಷ್ಯರಿಗೇನೋ ಕ್ಯಾನಿನ ನೀರು ಬಂತು. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಹಿಡಿದು ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವುದು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಬೆಳಗಿನ ನೋಟ. ಮೀನಿಗೆ ಯಾರು ತರಬೇಕು? ಅದಕ್ಕೇ ಇಲ್ಲಿಯ ಅಂಗಡಿಗಳಲ್ಲಿ ಓಡುವುದು ಮಾಲಿ, ಗಪ್ಪಿ, ಪ್ಲಾಟಿ, ಗೋಲ್ಡ್‌ಫಿಶ್. ಗಡಸು ನೀರಿಗೆ ಹುಟ್ಟಿದವು, ಇಲ್ಲವೇ ಅದಕ್ಕೆ ಹೊಂದಿಕೊಳ್ಳುವವು. ಚೆನ್ನೈನ ಕೊಳತ್ತೂರಿನಲ್ಲಿ ಸಾಕಿದ ಮೀನು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಈ ಕಡೆಯ ಬಸ್ಸು ಹತ್ತುತ್ತದೆ. ಚೀಲ ಬಿಚ್ಚಿ ಬೋರು ನೀರಿಗೆ ಬಿಟ್ಟ ಮೂರನೇ ದಿನ ನಿಯಾನ್ ಟೆಟ್ರಾಗಳು ಒಂದೊಂದಾಗಿ ಬಣ್ಣ ಕಳೆದುಕೊಳ್ಳುತ್ತವೆ. ಗಿರಾಕಿ ಬಂದು ಜಗಳ ತೆಗೆಯುತ್ತಾನೆ. ಆಮೇಲೆ ಅಂಗಡಿಯವನು ಟೆಟ್ರಾ ತರಿಸುವುದನ್ನೇ ಬಿಡುತ್ತಾನೆ.

ನಿಯಾನಿನ ಹತ್ತಿರದ ನೆಂಟ ಕಾರ್ಡಿನಲ್ ಟೆಟ್ರಾ. ಅದರ ತವರು ಅಮೆಜಾನಿನ ಉಪನದಿ ರಿಯೊ ನೀಗ್ರೊ. ಕೊಳೆತ ಎಲೆಗಳ ಚಹಾ ಬಣ್ಣದ ಆ ನೀರಿನಲ್ಲಿ ಖನಿಜ ಎಷ್ಟು ಕಡಿಮೆಯೆಂದರೆ ಅದನ್ನು ಸ್ವಲ್ಪ ಹುಳಿಯಾದ ಮಳೆನೀರು ಎಂದರೂ ನಡೆದೀತು. ಮಳೆನೀರಾದರೆ ಮಧುಗಿರಿಯಲ್ಲೂ ಬೀಳುತ್ತದೆ. ಕಡಿಮೆ ಬೀಳುತ್ತದೆ, ತಡವಾಗಿ ಬೀಳುತ್ತದೆ, ಆದರೆ ಬೀಳುತ್ತದೆ.

ಕೊರಟಗೆರೆಯ ಹತ್ತಿರ ಒಂದು ತೋಟದ ಮನೆ. ಜಯಮಂಗಲಿಯ ಬಯಲು ಅಲ್ಲಿಂದ ದೂರವಿಲ್ಲ. ದೇವರಾಯನದುರ್ಗದ ಕಡೆ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಪಿನಾಕಿನಿಗೆ ಸೇರುವ ಹೊಳೆ ಅದು, ಹೊಳೆ ಅನ್ನುವುದಕ್ಕಿಂತ ಬಹುಪಾಲು ಮರಳಿನ ದಾರಿ. ಉತ್ತರೆ ಮಳೆಯ ದಿನಗಳು. ಮಧ್ಯಾಹ್ನದ ತನಕ ಬಿಸಿಲು ಚುರುಗುಟ್ಟಿ, ಮೂರು ಗಂಟೆಯ ಹೊತ್ತಿಗೆ ಸಿದ್ಧರಬೆಟ್ಟದ ದಿಕ್ಕಿನಲ್ಲಿ ಕಪ್ಪಿಟ್ಟಿತು. ಅಡಿಕೆ ಸೋಗೆಗಳು ಒಮ್ಮೆ ತಲೆ ಕೊಡವಿದವು. ಮನೆಯೊಡೆಯ ಓಡಿದ್ದು ಅಂಗಳದಲ್ಲಿ ಹರವಿದ್ದ ಹುಣಸೆಹಣ್ಣಿನ ಕಡೆಗಲ್ಲ, ಅದಕ್ಕೆ ಹೆಂಡತಿ ಇದ್ದಳು. ಅವನು ಓಡಿದ್ದು ಮಳೆಯ ಪೈಪಿನ ಬುಡಕ್ಕೆ.

ಆರ್‌ಸಿಸಿ ತಾರಸಿಯಿಂದ ಇಳಿದ ನಾಲ್ಕಂಗುಲದ ಪಿವಿಸಿ ಪೈಪು ಗೋಡೆಯ ಬುಡದಲ್ಲಿ ಕವಲೊಡೆಯುತ್ತದೆ. ಒಂದು ಕವಲು ನೇರ ಕೆಳಗಿಳಿದು ಮುಚ್ಚಳದಲ್ಲಿ ಮುಗಿಯುತ್ತದೆ, ಇನ್ನೊಂದು ಅಡ್ಡ ಹೋಗಿ ನೀಲಿ ಡ್ರಮ್ಮುಗಳ ಸಾಲಿಗೆ. ಮುಚ್ಚಳ ತಿರುಗಿಸಿ ತೆಗೆದ. ಮೊದಲ ಹನಿಗಳು ತಾರಸಿಯ ಬಿಸಿಗೆ ಅಲ್ಲೇ ಆರಿಹೋದವು. ತಿಂಗಳಿಂದ ಕಾದ ಸಿಮೆಂಟು ಅರಳಿದ ವಾಸನೆ ಬಂತು. ಆಮೇಲೆ ಪೈಪಿನ ಬಾಯಿಯಿಂದ ಹೊರಬಿದ್ದ ನೀರು ಕಾಫಿ ಬಣ್ಣದ್ದು. ದೂಳು, ಪಾರಿವಾಳದ ಹಿಕ್ಕೆ, ಒಂದು ಸತ್ತ ಜಿರಲೆ, ಬೇವಿನ ಕಡ್ಡಿ, ಎಲ್ಲಿಂದಲೋ ಹಾರಿ ಬಂದ ಗುಟ್ಕಾ ಚೀಟಿ. ಅದು ಬಾಳೆಗಿಡದ ಪಾತಿಗೆ ಹೋಯಿತು. ಬಣ್ಣ ಚಹಾದಷ್ಟಾಯಿತು, ನಿಂಬೆ ಪಾನಕದಷ್ಟಾಯಿತು. ಅಂಗೈಯಲ್ಲಿ ಹಿಡಿದು ನೋಡಿದ, ಮೂಸಿದ, ಮುಚ್ಚಳ ಬಿಗಿದ. ನೀರು ಪೈಪಿನಲ್ಲೇ ಏರಿ, ಅಡ್ಡ ಕವಲಿಗೆ ತಿರುಗಿ, ಮೊದಲ ಡ್ರಮ್ಮಿನ ಬಾಯಿಗೆ ಕಟ್ಟಿದ ಹಳೆಯ ಕಾಟನ್ ಸೀರೆಯ ನಾಲ್ಕು ಮಡಿಕೆಯ ಮೇಲೆ ಧಡಧಡನೆ ಬಿತ್ತು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಇಪ್ಪತ್ತು–ಮೂವತ್ತರ ಸೈಟಿನ ಮನೆಯ ತಾರಸಿ ಸುಮಾರು 55 ಚದರ ಮೀಟರ್. ಎರಡಂಗುಲವೂ ಬೇಡ, ಒಂದಂಗುಲ ಮಳೆ ಬಿದ್ದರೂ 1,300 ಲೀಟರಿಗೆ ಮೇಲೆ. ಮೊದಲ ನೂರು ಲೀಟರ್ ಕೊಳೆ ಎಂದು ಬಿಟ್ಟರೂ ಉಳಿದದ್ದು ಧಾರಾಳ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮಾಮೂಲಿ ಮೀನಿನ ತೊಟ್ಟಿ ಹಿಡಿಯುವುದು 56 ಲೀಟರ್. ವಾರಕ್ಕೊಮ್ಮೆ ಅದರ ಕಾಲುಭಾಗ ಬದಲಿಸಬೇಕು, ಅದರಲ್ಲಿ ಮುಕ್ಕಾಲು ಮಳೆನೀರು ಎಂದರೆ ವಾರಕ್ಕೆ ಹತ್ತು ಲೀಟರಿನ ಒಂದು ಬಕೀಟು. ವರ್ಷಕ್ಕೆ 550 ಲೀಟರಿನ ಆಸುಪಾಸು. ಇನ್ನೂರು ಲೀಟರಿನ ಮೂರು ಡ್ರಮ್ಮು. ವರ್ಷಕ್ಕೆ ಐದಾರುನೂರು ಮಿಲಿಮೀಟರ್ ಮಳೆ ಕಾಣುವ ಈ ಬರದ ಸೀಮೆಯಲ್ಲೂ ಒಂದು ಹದವಾದ ಮಳೆಗೆ ಮೀನಿನ ವರ್ಷದ ನೀರು ಸಿಕ್ಕಿಬಿಡುತ್ತದೆ.

ಸೂರು ಎಂಥದು ಎನ್ನುವುದರ ಮೇಲೆ ನೀರು. ಕೊರಟಗೆರೆಯಿಂದ ಪಾವಗಡದ ತನಕ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಎಲ್ಲ ಕಾಲದ ಸೂರುಗಳೂ ಸಿಗುತ್ತವೆ. ಕಲ್ಲು ಚಪ್ಪಡಿಯ ಮನೆಗಳಿವೆ. ಕಲ್ಲಿನ ಸಂದಿಗೆ ಗಾರೆ ಮೆತ್ತಿದ್ದು ಬಿಟ್ಟರೆ ನೀರಿಗೆ ಸೇರಿಸುವಂಥದ್ದೇನೂ ಅವುಗಳಲ್ಲಿಲ್ಲ, ನನ್ನ ಮತ ಕೇಳಿದರೆ ಮೀನಿಗೆ ಅದಕ್ಕಿಂತ ಒಳ್ಳೆಯ ಸೂರಿಲ್ಲ. ಹೆಂಚಿನದೂ ಪರವಾಗಿಲ್ಲ, ಪಾಚಿ ಕೆರೆದಿದ್ದರೆ. ಹೊಸ ಆರ್‌ಸಿಸಿ ಮೊದಲೆರಡು ಮಳೆಗಾಲ ಸುಣ್ಣ ಬಿಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹಳೆಯ ಮಾಳಿಗೆ ಮನೆಗಳ ಮೇಲೆ ಹೊದಿಸಿದ್ದು ಕರಲು ಮಣ್ಣು. ಚೌಳಿನ ಅಂಶ ಇರುವ ಆ ಮಣ್ಣು ನೀರನ್ನು ಇಂಗಿಸದೆ ಜಾರಿಸುತ್ತದೆ ಎಂದೇ ಹಿರಿಯರು ಅದನ್ನು ಆರಿಸಿದ್ದು. ಮನೆ ಸೋರದಂತೆ ಕಾಯುವ ಉಪ್ಪು ಮೀನಿನ ನೀರಿಗೆ ಬೇಡ. ಹುಷಾರಾಗಿರಬೇಕಾದ್ದು ಜಿಂಕ್ ಶೀಟಿನ ಬಗ್ಗೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿಯೇ ಕೆಳಗಿಳಿಯುತ್ತದೆ, ಅದರ ಪಿಎಚ್ 5.6ರ ಸುತ್ತ. ಆ ಹುಳಿ ಶೀಟಿನ ಸತುವನ್ನು ಕರಗಿಸುತ್ತದೆ, ಸತು ಮೀನಿನ ಕಿವಿರಿಗೆ ವಿಷ, ಮೆದು ನೀರಿನಲ್ಲಂತೂ ಇನ್ನೂ ಹೆಚ್ಚು. ಹೊಸ ಶೀಟಿನ ಕೆಳಗೆ ಪಾತ್ರೆ ಇಟ್ಟು ಹಿಡಿದ ನೀರನ್ನು ಸುರಿದು ರಾತ್ರೋರಾತ್ರಿ ತೊಟ್ಟಿ ಖಾಲಿ ಮಾಡಿಕೊಂಡವರು ಮೀನಿಗೆ ದೃಷ್ಟಿಯಾಯಿತು ಎಂದುಕೊಳ್ಳುತ್ತಾರೆ.

ಇನ್ನು ಶಿರಾ ತಾಲ್ಲೂಕಿನ ಕಗ್ಗಲಡುವಿನವರ ಪಾಡು ಬೇರೆ. ಊರ ನಡುವಿನ ಹುಣಸೆಮರಗಳ ಮೇಲೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ, ಊರಿನವರು ಅವುಗಳನ್ನು ಮಕ್ಕಳಂತೆ ಕಾಯುತ್ತಾರೆ. ಮರದಡಿಯ ಸೂರುಗಳೆಲ್ಲ ಬಿಳಿಬಿಳಿ. ಅಲ್ಲಿ ಮಳೆಕೊಯ್ಲಿನ ಮಾತಾಡಿದರೆ ನಗುತ್ತಾರೆ, ನಗಬೇಕಾದ್ದೇ. ಒಂದು ಊರು ಹಕ್ಕಿ ಸಾಕಲಿ, ಇನ್ನೊಂದು ಊರು ಮೀನು.

ಶಿರಾ ಪೇಟೆಯಲ್ಲಿ ನೀರಿನ ಕಥೆಗೆ ಇನ್ನೊಂದು ಪಾತ್ರ ಸೇರುತ್ತದೆ. ದೊಡ್ಡ ಕೆರೆಗೆ ನಾಲೆಯಲ್ಲಿ ಹೇಮಾವತಿ ಬಂದ ವರ್ಷ ನಲ್ಲಿಯಲ್ಲಿ ಸಿಹಿನೀರು, ಬಾರದ ವರ್ಷ ಮತ್ತೆ ಬೋರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡು ದಿನ ಅಗಲ ಪಾತ್ರೆಯಲ್ಲಿ ಬಿಟ್ಟರೆ ಹಾರಿಹೋಗುತ್ತದೆ, ಅವಸರವಿದ್ದವರು ಆಂಟಿಕ್ಲೋರಿನ್ ಹನಿ ಹಾಕುತ್ತಾರೆ. ಹೆದ್ದಾರಿಯ ಲಾರಿಗಳ ಸದ್ದು ಕೇಳುವ ಒಂದು ಮಹಡಿಯ ಮೇಲೆ, ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರ ಮನೆಯಲ್ಲಿ ಈ ಮೂರೂ ನೀರುಗಳು ಮೂರು ಬಕೀಟಿನಲ್ಲಿ ಸಾಲಾಗಿ ಕೂತಿದ್ದವು. ಅವರ ಹತ್ತಿರ ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಇದೆ. ನೀರಿಗೆ ಅದ್ದಿದರೆ ಕರಗಿದ ಲವಣ ಎಷ್ಟೆಂದು ತೋರಿಸುತ್ತದೆ. ಬೋರಿನ ಬಕೀಟಿಗೆ ಅದ್ದಿದರು: ಅಂಕಿ ಓಡುತ್ತ ಓಡುತ್ತ 1,180, 1,190, 1,204ರಲ್ಲಿ ನಿಂತಿತು. ತೊಳೆದು, ಒರೆಸಿ, ಮಳೆಯದಕ್ಕೆ ಅದ್ದಿದರು. 22.

‘ಇದನ್ನ ಹಂಗೇ ಸುರಿದುಬಿಟ್ರೆ ಆಯ್ತಲ್ಲ ಅಂತ ಎಲ್ಲರೂ ಕೇಳ್ತಾರೆ,’ ಎಂದರು. ‘ಸುರೀಬಾರದು.’

ಯಾಕೆಂದರೆ ಮಳೆನೀರು ಮೀನಿಗೆ ಒಳ್ಳೆಯದು ಎನ್ನುವ ಮಾತು ಅರ್ಧ ನಿಜ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಉಳಿದ ಆಹಾರ ಕೊಳೆತರೂ ಅಮೋನಿಯಾ. ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟಿಗೆ, ನೈಟ್ರೈಟನ್ನು ನೈಟ್ರೇಟಿಗೆ ತಿರುಗಿಸುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಬೋರಿನ ನೀರಿನಲ್ಲಿ ಆ ಆಮ್ಲವನ್ನು ನುಂಗಲು ಬೇಕಾದಷ್ಟು ಕಾರ್ಬೊನೇಟ್ ಇದೆ. ಬರೀ ಮಳೆನೀರಿನಲ್ಲಿ ನುಂಗುವವರು ಯಾರೂ ಇಲ್ಲ. ಪಿಎಚ್ ದಿನದಿನಕ್ಕೆ ಇಳಿದು 6ರ ಕೆಳಗೆ ಬಂದರೆ ಬ್ಯಾಕ್ಟೀರಿಯಾಗಳೇ ಕೆಲಸ ನಿಲ್ಲಿಸುತ್ತವೆ. ನೀರು ಕನ್ನಡಿಯಂತೆ ತಿಳಿಯಾಗಿ ಕಾಣುತ್ತಲೇ ಇರುತ್ತದೆ, ಒಳಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿ ಅಷ್ಟಾಗಿ ಕೆಡುಕು ಮಾಡದೆ ಕೂತಿರುತ್ತದೆ. ಗಾಬರಿಬಿದ್ದ ಮನೆಯವರು ಒಂದು ಬಕೀಟು ಬೋರು ನೀರು ಸುರಿದರೋ, ಪಿಎಚ್ ಒಮ್ಮೆಲೇ ಏರಿ ಅದಷ್ಟೂ ವಿಷವಾಗಿ ಎದ್ದುಬಿಡುತ್ತದೆ. ಉಳಿಸಲು ಮಾಡಿದ ಕೆಲಸವೇ ಕೊಲ್ಲುತ್ತದೆ.

ಮೇಷ್ಟ್ರು ಮಳೆನೀರು ಮೂರು ಪಾಲು, ಬೋರು ಒಂದು ಪಾಲು ಬೆರೆಸಿದರು. ಮೀಟರ್ 318 ತೋರಿಸಿತು. ಅವರ ತೊಟ್ಟಿಯ ಏಂಜೆಲ್ ಮೀನುಗಳಿಗೆ ಅದು ಸಾಕಂತೆ. ಟೆಟ್ರಾ ಇಟ್ಟರೆ ಬೋರಿನ ಪಾಲನ್ನು ಇನ್ನೂ ತಗ್ಗಿಸಬೇಕು, ಮಾಲಿ–ಗಪ್ಪಿಗೆ ಬೆರೆಸುವ ಗೋಜೇ ಬೇಡ, ಅವಕ್ಕೆ ಬೋರೇ ಸ್ವರ್ಗ. ಬಾಟಲಿಯಲ್ಲಿ ದುಬಾರಿ ಖನಿಜದ ಪುಡಿ ಮಾರುತ್ತಾರಲ್ಲ, ಆರ್‌ಒ ನೀರಿಗೆ ಬೆರೆಸಲು? ಆ ಪುಡಿಯ ಬಹುಪಾಲು ಕೆಲಸವನ್ನು ಮಧುಗಿರಿ–ಶಿರಾದ ಬೋರು ಪುಕ್ಕಟೆ ಮಾಡುತ್ತದೆ. ನಾವು ಬೈಯುವ ನೀರು ಒಂದು ಚೊಂಬಿನಷ್ಟಾದರೆ ಔಷಧಿ.

ಬೆರೆಸಿದ್ದನ್ನೂ ಸುರಿಯುವಂತಿಲ್ಲ. ಹೊಸ ಮೀನು ತಂದರೆ ಅದರ ಮೈ ಹೊರಗಿನ ನೀರಿನ ಉಪ್ಪಿಗೆ ನಿಧಾನವಾಗಿ ಹೊಂದಿಕೊಳ್ಳಬೇಕು. ಅದಕ್ಕೆ ಮೇಷ್ಟ್ರು ಬಳಸುವುದು ಅಣ್ಣನ ತೋಟದಿಂದ ತಂದ ಡ್ರಿಪ್ಪಿನ ಸಣ್ಣ ಕೊಳವೆ. ಮೇಜಿನ ಮೇಲೆ ಬಕೀಟು, ನೆಲದಲ್ಲಿ ಮೀನಿನ ಚೀಲ ಬಿಚ್ಚಿಟ್ಟ ಬೋಗುಣಿ, ನಡುವೆ ಗಂಟು ಹಾಕಿದ ಕೊಳವೆ. ಗಂಟು ಸಡಿಲಿಸಿದಷ್ಟು ಹನಿ. ಎಣಿಸುವಷ್ಟು ನಿಧಾನವಾಗಿ ಹನಿ ಬೀಳುತ್ತದೆ, ಒಂದು ಗಂಟೆಯಾದರೂ ಹಿಡಿಯುತ್ತದೆ. ಬೋಗುಣಿಯಲ್ಲಿ ನಾಣ್ಯದಗಲದ ಏಂಜೆಲ್ ಮರಿಯೊಂದು ಮೊದಲು ಒಂದೇ ಕಡೆ ವಾಲಿ ನಿಂತಿತ್ತು, ಬೆನ್ನಿನ ರೆಕ್ಕೆ ಮುದುಡಿತ್ತು. ಹನಿ ಬೀಳುತ್ತ ಬೀಳುತ್ತ ಅದು ನೆಟ್ಟಗಾಯಿತು, ರೆಕ್ಕೆ ಬಿಚ್ಚಿತು. ಕಪ್ಪು ಪಟ್ಟೆಗಳು ಯಾರೋ ಶಾಯಿ ತುಂಬಿದ ಹಾಗೆ ಗಾಢವಾದವು. ತೊಟ್ಟಿಯ ತಳದಲ್ಲಿ ಒಣಗಿದ ಬಾದಾಮಿ ಎಲೆ ಎರಡು ಬಿದ್ದಿದ್ದವು. ಶಾಲೆಯ ಅಂಗಳದ ಮರದ್ದು. ಎಲೆಯ ಒಗರು ನೀರಿಗೆ ಇಳಿದು ಚಹಾದ ಬಣ್ಣ ಬರುತ್ತದೆ. ಅಮೆಜಾನಿನಿಂದ ಬಂದ ಕುಲಕ್ಕೆ ಆ ಬಣ್ಣದಲ್ಲಿ ಧೈರ್ಯ.

ಶಾಲೆಯ ಅಂಗಳದಲ್ಲಿ ಮರದ ಜೊತೆಗೆ ಇನ್ನೊಂದು ವಸ್ತುವಿದೆ. ರಾಜ್ಯಕ್ಕೆ ಐವತ್ತು ತುಂಬಿದ ಹೊತ್ತಿನಲ್ಲಿ, 2006ರ ಸುಮಾರಿಗೆ, ಸುವರ್ಣಜಲ ಎಂಬ ಯೋಜನೆಯಲ್ಲಿ ಹಳ್ಳಿಶಾಲೆಗಳ ಸೂರಿಗೆ ಪೈಪು ಕಟ್ಟಿ ಪಕ್ಕದಲ್ಲಿ ತೊಟ್ಟಿ ಕಟ್ಟಿಸಿದರು. ರಾಜ್ಯದಾದ್ಯಂತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಾಲೆಗಳು. ಒಳ್ಳೆಯ ಆಲೋಚನೆ. ಈಗ ಹಲವು ಕಡೆ ದೋಣಿಪೈಪು ಕಳಚಿ ನೇತಾಡುತ್ತದೆ, ಫಿಲ್ಟರಿನ ಜಲ್ಲಿಯಲ್ಲಿ ಅರಳಿಗಿಡ ಹುಟ್ಟಿದೆ, ತೊಟ್ಟಿಯ ಮುಚ್ಚಳದ ಮೇಲೆ ಮಕ್ಕಳು ಕೂತು ಊಟ ಮಾಡುತ್ತಾರೆ. ತಾಂತ್ರಿಕವಾಗಿ ತಪ್ಪಿದ್ದೇನೂ ಇಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕಟ್ಟಿಸಿದ ಮನೆಯಲ್ಲಿ ಕಾವೇರಿ ನಲ್ಲಿಯನ್ನೇ ನೆಚ್ಚದೆ ಸೂರಿನ ನೀರಿನಲ್ಲಿ ಸಂಸಾರ ನಡೆಸಿ ತೋರಿಸಿದ್ದಾರೆ. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಿಂತಿತು ಎಂದರೆ, ಫಿಲ್ಟರ್ ತೊಳೆಯದಿದ್ದರೆ ಶಾಲೆಯಲ್ಲಿ ಯಾರಿಗೂ ಅದೇ ದಿನ ಏನೂ ಆಗುವುದಿಲ್ಲ. ಕೆಟ್ಟ ನೀರು ಕುಡಿದ ಮಗುವಿನ ಹಲ್ಲು ಕಂದುಗಟ್ಟಲು ವರ್ಷಗಳು ಬೇಕು, ಅಷ್ಟು ಹೊತ್ತಿಗೆ ಮುಖ್ಯೋಪಾಧ್ಯಾಯರಿಗೆ ವರ್ಗವಾಗಿರುತ್ತದೆ. ಮೀನು ಅಷ್ಟು ಕಾಯುವ ಜಾತಿಯಲ್ಲ. ಸೀರೆಯ ಮಡಿಕೆ ತೊಳೆಯದೆ ಬಿಟ್ಟರೆ, ಮೊದಲ ಮಳೆಯನ್ನು ಹೊರಗೆ ಬಿಡದಿದ್ದರೆ, ಮರುದಿನ ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲಿ ಲೆಕ್ಕ ಒಪ್ಪಿಸುತ್ತದೆ. ನಾನು ನೋಡಿದ ಮನೆಗಳಲ್ಲಿ ಮಳೆಯ ಪೈಪು ಚೊಕ್ಕವಾಗಿದ್ದದ್ದು ಮೀನು ಸಾಕಿದ ಮನೆಗಳಲ್ಲೇ.

ಡ್ರಮ್ಮಿನ ನೀರಿಗೆ ಇನ್ನೊಬ್ಬರ ಕಣ್ಣೂ ಇದೆ. ಡೆಂಗಿ ಸೊಳ್ಳೆಗೆ ನಿಂತ ಶುದ್ಧ ನೀರೇ ಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಎಂದಿತು. ಆಶಾ ಕಾರ್ಯಕರ್ತೆ ಬ್ಯಾಟರಿ ಹಿಡಿದು ಬಂದಾಗ ಡ್ರಮ್ಮಿನೊಳಗೆ ಹುಳ ಕಂಡರೆ ಅಷ್ಟೂ ನೀರು ಚರಂಡಿಗೆ. ಮೀನು ಸಾಕುವವರ ಡ್ರಮ್ಮಿನಲ್ಲಿ ಹುಳ ಇರುವುದಿಲ್ಲ, ಎರಡು ಗಪ್ಪಿ ಇರುತ್ತವೆ. ದಕ್ಷಿಣ ಅಮೆರಿಕದ ಈ ಪುಟ್ಟ ಮೀನನ್ನು ಸೊಳ್ಳೆಮರಿ ತಿನ್ನಲೆಂದೇ ನೂರು ವರ್ಷಕ್ಕೂ ಹಿಂದೆ ಭಾರತಕ್ಕೆ ತಂದದ್ದು, ಅದೇ ಕೆಲಸದ ಇನ್ನೊಂದು ಮೀನು ಗ್ಯಾಂಬೂಸಿಯಾ 1928ರಲ್ಲಿ ಬಂತು. ಆರೋಗ್ಯ ಇಲಾಖೆಯೇ ಹಳ್ಳಿಗಳಲ್ಲಿ ಗಪ್ಪಿ ಹಂಚುತ್ತದೆ. ಹಾಗಾಗಿ ಮಳೆನೀರಿಗೂ ಸಾಕುಮೀನಿಗೂ ಈ ಕಡೆ ಆಗಲೇ ನೆಂಟಸ್ತಿಕೆ ಇದೆ, ಅಲಂಕಾರದ ಮಾತು ಆಮೇಲೆ ಬಂದದ್ದು. ತೊಟ್ಟಿಗೆ, ಡ್ರಮ್ಮಿಗೆ ಬಿಟ್ಟರೆ ಸರಿ. ಉತ್ಸಾಹದಲ್ಲಿ ಕೆರೆಗೆ ಬಿಡುವವರಿದ್ದಾರೆ, ಅದು ಬೇಡ. ನಮ್ಮ ಪಕ್ಕೆ, ಗೆಂಡೆಗಳ ಮೊಟ್ಟೆಗೂ ಅವು ಬಾಯಿ ಹಾಕುತ್ತವೆ.

ಪಾವಗಡದ ದಾರಿಯಲ್ಲಿ ಮಾತು ತೆಲುಗಿಗೆ ತಿರುಗುತ್ತದೆ, ಹೊಲ ಕಡಲೆಕಾಯಿಗೆ. ಮೂರು ಕಡೆ ಆಂಧ್ರ. ತಿರುಮಣಿಯ ಹತ್ತಿರ ಬಂದರೆ ಹೊಲವೂ ಇಲ್ಲ, ಕಣ್ಣು ಹಾಯಿಸಿದಷ್ಟೂ ನೀಲಿಗಪ್ಪು ಗಾಜು. ಹದಿಮೂರು ಸಾವಿರ ಎಕರೆ, 2,050 ಮೆಗಾವಾಟ್. 2018ರಲ್ಲಿ ಶುರುವಾದ ಸೌರ ಪಾರ್ಕು; ಮಳೆ ಕೈಕೊಟ್ಟ ರೈತರು ಬಿಸಿಲಿಗೆ ಭೂಮಿ ಗುತ್ತಿಗೆ ಕೊಟ್ಟರು. ನನಗೆ ಅಲ್ಲಿ ನಿಂತಾಗಲೆಲ್ಲ ಹುಚ್ಚು ಲೆಕ್ಕವೊಂದು ಬರುತ್ತದೆ. ಒಂದು ಕಿಲೋವಾಟಿಗೆ ಐದಾರು ಚದರ ಮೀಟರ್ ಫಲಕ ಎಂದರೆ ಒಟ್ಟು ಒಂದು ಕೋಟಿ ಚದರ ಮೀಟರಿಗೂ ಹೆಚ್ಚು ಗಾಜಿನ ಸೂರು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೂ ಅದರ ಮೇಲೆ ಜಾರುವುದು 500 ಕೋಟಿ ಲೀಟರಿಗೆ ಮೇಲೆ. ಸುಣ್ಣ ಬಿಡದ, ಸತು ಬಿಡದ, ದೂಳು ತೊಳೆಸಿಕೊಳ್ಳುತ್ತಲೇ ಇರುವ ಸೂರು. ಆ ನೀರು ಕಂಬಗಳ ಬುಡದಲ್ಲಿ ಕೊರಕಲು ಮಾಡುತ್ತ ಹರಿದುಹೋಗುತ್ತದೆ. ಪಾವಗಡ ಪೇಟೆಗೆ ಮಾತ್ರ ತುಂಗಭದ್ರೆಯ ಹಿನ್ನೀರನ್ನು ಅಷ್ಟು ದೂರದಿಂದ ಪೈಪಿನಲ್ಲಿ ತರಬೇಕಾಯಿತು.

ಈ ತಾಲ್ಲೂಕಿನಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೀನು ಬದುಕಿದೆ ಎಂದರೆ ಆ ನೀರನ್ನು ಕುಡಿಯಬಹುದು ಎಂದಲ್ಲ. ಲೀಟರಿಗೆ ಮೂರು ಮಿಲಿಗ್ರಾಂ ಫ್ಲೋರೈಡ್ ಇರುವ ಬೋರಿನಲ್ಲೂ ಮಾಲಿ ಮರಿ ಹಾಕುತ್ತದೆ, ಗೋಲ್ಡ್‌ಫಿಶ್ ಕೊಬ್ಬುತ್ತದೆ. ಅದೇ ನೀರು ಕುಡಿದು ಬೆಳೆದ ಹುಡುಗ ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ. ಅವನ ಅಜ್ಜ ಬೆನ್ನು ನೆಟ್ಟಗೆ ಮಾಡಲಾರ. ಕ್ಲೋರಿನ್, ಸತು, ಕೊಳೆ, ಇವುಗಳ ಚಾಡಿಯನ್ನು ಮೀನು ಹೇಳುತ್ತದೆ, ಫ್ಲೋರೈಡಿನದನ್ನು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು.

ಪಾವಗಡದ ಒಂದು ಮನೆಯ ಹಿತ್ತಲಲ್ಲಿ ಮೂರು ಡ್ರಮ್ಮುಗಳಿದ್ದವು. ಮೊಮ್ಮಗ ಹತ್ತನೇ ಕ್ಲಾಸು, ಅವನ ತೊಟ್ಟಿಯಲ್ಲಿ ಒಂದು ನೀಲಿ ಫೈಟರ್, ಆರು ಟೆಟ್ರಾ. ಡ್ರಮ್ಮು ತಂದದ್ದು, ಪೈಪು ಜೋಡಿಸಿದ್ದು ಅವನೇ. ಅಜ್ಜಿ ಮೊದಲ ವರ್ಷ ಆ ಕಡೆ ತಿರುಗಿ ನೋಡಲಿಲ್ಲವಂತೆ, ಸೂರಿನ ನೀರು ಯಾರು ಮುಟ್ಟುತ್ತಾರೆ ಎಂದು. ಒಮ್ಮೆ ಕ್ಯಾನು ಬಾರದ ದಿನ ಬೇಳೆಗೆ ಅದೇ ನೀರಿಟ್ಟರು. ಬೋರಿನ ನೀರಿನಲ್ಲಿ ಗಂಟೆಗಟ್ಟಲೆ ಕುದ್ದರೂ ಕಲ್ಲಿನ ಹಾಗೆ ಉಳಿಯುತ್ತಿದ್ದ ತೊಗರಿಬೇಳೆ ಮುದ್ದೆ ತೊಳಸುವ ಹೊತ್ತಿಗೆ ಬೆಂದು ಕರಗಿತ್ತು. ಅಂದಿನಿಂದ ಎರಡು ಡ್ರಮ್ಮು ಅಜ್ಜಿಯವು.

‘ಅಜ್ಜಿ, ಮಾರ್ಚಿಗೆ ನನ್ ಡ್ರಮ್ಮು ಖಾಲಿ ಆಗುತ್ತೆ. ನಿಂದ್ರಲ್ಲಿ ವಾರಕ್ಕೆ ಅರ್ಧ ಬಕೀಟು ಕೊಡು.’

‘ಯಾಕಪ್ಪಾ, ನಿನ್ ಮೀನು ಬೇಳೆ ಬೇಯಿಸ್ತದಾ? ಎರಡು ಚೊಂಬು ತಗೋ, ಸಾಕು.’

‘ಐದು.’

‘ಮೂರು. ಅದೂ ಸುಮ್ನೆ ಅಲ್ಲ. ತೊಟ್ಟಿಯಿಂದ ತೆಗೀತೀಯಲ್ಲ ಆ ಗಲೀಜು ನೀರು, ಒಂದು ತೊಟ್ಟೂ ಚೆಲ್ಲಂಗಿಲ್ಲ. ನನ್ ಕರಿಬೇವಿನ ಬುಡಕ್ಕೆ ಹಾಕ್ಬೇಕು. ಹೋದ್ಸಲ ಹಾಕಿದ್ದಕ್ಕೆ ಹೆಂಗೆ ಚಿಗುರಿದೆ ನೋಡು.’

ಮೀನಿನ ನೀರಿನ ನೈಟ್ರೇಟಿಗೆ ಗಿಡ ಹಾಗೆ ಚಿಗುರುತ್ತದೆಂದು ಹುಡುಗನಿಗೆ ಗೊತ್ತಿತ್ತು, ಹೇಳಲಿಲ್ಲ. ‘ನಾಲ್ಕು ಮಾಡು ಅಜ್ಜಿ, ಮಲ್ಲಿಗೆಗೂ ಹಾಕ್ತೀನಿ,’ ಎಂದ.